ವ್ಯಾನಿನ ಹೊಟ್ಟೆಗೆ ಬಣ್ಣ

ಅಪ್ಪ ಮೂರು ಡಬ್ಬಿ ಕಪ್ಪು ಬಣ್ಣ ತಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಒಂದೊಂದು ಡಬ್ಬಿಯೂ ನಾಲ್ಕು ಲೀಟರಿನದು. ಅಮ್ಮ ಸೀರೆ ಎತ್ತಿ ಹಿಡಿದು ಅವನ್ನು ದಾಟಿ ಅನ್ನದ ಪಾತ್ರೆ ತರಬೇಕಾಯಿತು.

"ಇದೇನು, ಮನೆಗೆ ಕಪ್ಪು ಬಳಿಸ್ತೀರಾ? ನೋಡಿದವರು ಏನಂದಾರು?"

"ಮನೆಗಲ್ಲ, ವ್ಯಾನಿಗೆ," ಅಂದರು ಅಪ್ಪ.

"ವ್ಯಾನು ಬಿಳೀದಲ್ವಾ ಮಾವ?" ಅಂದಳು ಸೊಸೆ.

"ಅದರ ಹೊಟ್ಟೆಗಮ್ಮ, ಅಡಿಭಾಗಕ್ಕೆ. ತುಕ್ಕು ಹಿಡಿಯದ ಹಾಗೆ."

ಮೊಟ್ಟೆ ಸುಲಿಯುತ್ತಿದ್ದ ಮಗ ಕೈ ನಿಲ್ಲಿಸಿದ. "ಇಪ್ಪತ್ತಮೂರು ವರ್ಷದ ವ್ಯಾನು. ಈಗ ತುಕ್ಕು ಹಿಡಿಯದ ಹಾಗೆ ನೋಡ್ಕೋಬೇಕಂತೆ. ಮೇಲೆಲ್ಲ ತಳುಕು ಒಳಗೆಲ್ಲ ಹುಳುಕು ಅಂತ ಕೇಳಿದ್ದೆ. ನಮ್ಮದರಲ್ಲಿ ಮೇಲೂ ಹುಳುಕೇ ಇದೆಯಲ್ಲಪ್ಪ."

"ತಿನ್ನೋ ಅನ್ನ ಅದೇ ಹುಳುಕಿನದು, ಗೊತ್ತಿರಲಿ," ಅಂದರು ಅಪ್ಪ.

ಮಾತು ಅಲ್ಲಿಗೆ ನಿಂತಿತು. ಆ ಮನೆಯಲ್ಲಿ ವ್ಯಾನಿನ ಮಾತು ಯಾವಾಗಲೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಮನೆಯಲ್ಲಿ ಐದು ಜನ. ಅಪ್ಪ ಮೂವತ್ತೈದು ವರ್ಷ ಗಾಡಿ ಓಡಿಸಿದವರು. ಕಣ್ಣಿಗೆ ಪೊರೆ ಬಂದ ಮೇಲೆ ಸ್ಟೇರಿಂಗ್ ಬಿಟ್ಟಿದ್ದರು, ಗಾಡಿಯನ್ನು ಬಿಟ್ಟಿರಲಿಲ್ಲ. ಅಮ್ಮ ಮನೆ ನೋಡಿಕೊಳ್ಳುವವಳು. ಮಗ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ಅವನ ಹೆಂಡತಿ ಹೊಲಿಗೆಯವಳು. ಅವಳ ಮಷಿನ್ನು ನಡುಮನೆಯ ಕಿಟಕಿಯ ಕೆಳಗಿತ್ತು. ಬಚ್ಚಲಿಗೆ ಹೋಗುವವರು ಯಾರೇ ಆಗಲಿ, ಹೊಟ್ಟೆ ಒಳಗೆಳೆದುಕೊಂಡು ಅದನ್ನು ದಾಟಬೇಕು. ಮನೆಗೆ ತಾಗಿ ಒಂದು ತಗಡಿನ ಶೆಡ್ಡಿತ್ತು. ಅದು ಸಿಕ್ಕಿದರೆ ಎರಡು ಮಷಿನ್ನು ಹಾಕಬಹುದು ಎಂದು ಅವಳಿಗೆ ಆಸೆ. ಆದರೆ ಶೆಡ್ಡಿನಲ್ಲಿ ವ್ಯಾನಿತ್ತು.

ಐದನೆಯವಳು ಹಿರಿಮಗಳು, ಮಗನಿಗೆ ಅಕ್ಕ. ವಯಸ್ಸು ನಲವತ್ತೆರಡು. ಮದುವೆಯಾಗಿ ಎರಡೇ ವರ್ಷಕ್ಕೆ ಒಂದು ಸೂಟ್‌ಕೇಸಿನೊಂದಿಗೆ ತವರಿಗೆ ವಾಪಸು ಬಂದವಳು. ಬಂದ ಮೂರನೇ ದಿನ ಅಪ್ಪ ಅವಳ ಕೈಗೆ ವ್ಯಾನಿನ ಕೀಲಿ ಕೊಟ್ಟು, "ಸುಮ್ಮನೆ ಕೂತರೆ ತಲೆ ಕೆಡುತ್ತೆ, ಕಲಿ" ಅಂದಿದ್ದರು. ಆವತ್ತಿನಿಂದ ಅವಳೇ ಡ್ರೈವರು. ಬೆಳಿಗ್ಗೆ ಐದೂವರೆಗೆ ಹನ್ನೊಂದು ಹೆಂಗಸರನ್ನು ಹತ್ತಿಸಿಕೊಂಡು ಊರಾಚೆಯ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಬಿಡುವುದು, ಮಧ್ಯಾಹ್ನ ಮೂರಕ್ಕೆ ಕರೆತರುವುದು. ಆ ಹನ್ನೊಂದು ಹೆಂಗಸರಿಗೂ ಅವಳು ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ಇಸ್ತ್ರಿಯಮ್ಮನಿಗೂ ಅಕ್ಕನೇ.

ಆ ದಿನ ಊಟದ ಹೊತ್ತಿಗೆ ಅಕ್ಕನೂ ಒಂದು ಮಾತು ಹೇಳಬೇಕೆಂದಿದ್ದಳು. ತಟ್ಟೆ ತೊಳೆಯುವ ಹೊತ್ತಿಗೆ ಹೇಳಿದಳು.

"ಬಸ್ ಡಿಪೋದಿಂದ ಕಾಗದ ಬಂದಿದೆ. ಡ್ರೈವಿಂಗ್ ಪರೀಕ್ಷೆ ಪಾಸಾಗಿದ್ದೀನಿ. ಒಂದನೇ ತಾರೀಖು ಸೇರ್ಕೋಬೇಕು. ಮೂರು ತಿಂಗಳು ಬೇರೆ ಊರಲ್ಲಿ ತರಬೇತಿ, ಅಲ್ಲೇ ಹಾಸ್ಟೆಲ್ಲು."

"ಆ ದೊಡ್ಡ ಪಾತ್ರೆ ನೆನೆ ಹಾಕು, ತಳ ಹಿಡಿದಿದೆ," ಅಂದಳು ಅಮ್ಮ.

ಅಪ್ಪ ಚಾಕುವಿನ ತುದಿಯಿಂದ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿ ಒಳಗೆ ಮೂಸಿ ನೋಡುತ್ತಿದ್ದರು. "ಇಪ್ಪತ್ತನೇ ತಾರೀಖು ಗಾಡಿಯ ಸರ್ಕಾರಿ ತಪಾಸಣೆ ಇದೆ ದೊಡ್ಡವಳೇ," ಅಂದರು. "ನಾಳೆಯಿಂದ ಒಂದು ವಾರ ಹೆಂಗಸರಿಗೆ ಬಸ್ಸಿನಲ್ಲಿ ಹೋಗೋಕೆ ಹೇಳು. ಕೆಳಗೆ ಮಲಗಿ ಉಜ್ಜೋಕೆ ನನ್ನ ಬೆನ್ನು ಕೇಳಲ್ಲ."

ಹೀಗೆ ಅಕ್ಕ ವ್ಯಾನಿನ ಕೆಳಗೆ ಹೋದಳು.

ನಾಲ್ಕೂ ಮೂಲೆಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು ವ್ಯಾನನ್ನು ಮೊಣಕಾಲೆತ್ತರಕ್ಕೆ ಏರಿಸಿದ್ದರು. ರಟ್ಟಿನ ಹಾಳೆಯ ಮೇಲೆ ಅಂಗಾತ ಮಲಗಿ, ತಲೆಗೆ ಹಳೇ ಟವೆಲ್ಲು ಸುತ್ತಿ, ಅಂಗಡಿಯಿಂದ ತಮ್ಮ ತಂದುಕೊಟ್ಟ ಅಗಲ ಕನ್ನಡಕ ಹಾಕಿ, ತಂತಿ ಬ್ರಷ್ಷಿನಿಂದ ಉಜ್ಜುವುದು. ಮೂಗಿಗೂ ಕಬ್ಬಿಣಕ್ಕೂ ಒಂದು ಗೇಣು ಅಂತರ. ಉಜ್ಜಿದಷ್ಟೂ ಕೆಂಪು ಪುಡಿ ಬಾಯಿಗೆ ಬೀಳುತ್ತಿತ್ತು. ಅಪ್ಪ ಪಕ್ಕದಲ್ಲಿ ಗಿಡ್ಡ ಸ್ಟೂಲು ಹಾಕಿಕೊಂಡು ಕೂತು, ಕಾಣದ ಕಣ್ಣಲ್ಲೇ ಮೇಸ್ತ್ರಿಕೆ ಮಾಡುತ್ತಿದ್ದರು.

"ಬರೀ ಮೇಲೆ ಮೇಲೆ ಉಜ್ಜಬೇಡ. ಬಿಳೀ ಕಬ್ಬಿಣ ಕಾಣೋವರೆಗೂ ಉಜ್ಜು. ತುಕ್ಕಿನ ಮೇಲೆ ಬಣ್ಣ ಬಳಿದರೆ ಕಳ್ಳನನ್ನ ಒಳಗಿಟ್ಟು ಬಾಗಿಲು ಹಾಕಿದ ಹಾಗೆ."

"ಹೂಂ."

"ಆಮೇಲೆ ಕೆಂಪು ಪ್ರೈಮರು. ಅದು ಒಣಗಿದ ಮೇಲೆ ಕಪ್ಪು, ಎರಡು ಸಲ. ಸೈಲೆನ್ಸರಿಗೆ ತಾಕಿಸಬೇಡ, ಸುಟ್ಟು ನಾರುತ್ತೆ. ನೀರು ಇಳಿಯೋ ಸಣ್ಣ ತೂತುಗಳಿವೆಯಲ್ಲ, ಅವನ್ನ ಮುಚ್ಚಬೇಡ. ಒಳಗೆ ನಿಂತ ನೀರೇ ತಿನ್ನೋದು."

ಈ ವ್ಯಾನಿಗೆ ತುಕ್ಕು ಹಿಡಿದದ್ದು ಗಾಳಿಯಿಂದಲ್ಲ, ಉಪ್ಪಿನಿಂದ. ಹೆಂಗಸರನ್ನು ಹೊರುವ ಮೊದಲು ಅದು ಐದು ವರ್ಷ ಮೀನಿನ ಮಾರುಕಟ್ಟೆಗೆ ಐಸು ಹೊತ್ತಿತ್ತು. ಕರಗಿದ ಉಪ್ಪುನೀರು ನೆಲದ ಸಂದಿಗಳಲ್ಲಿ ಇಳಿದು ಉದ್ದನೆಯ ಚಾಸಿ ಕಂಬಿಗಳ ಮೇಲೆ ಕೂತಿತ್ತು. ಆ ಎರಡು ಕಂಬಿಗಳೇ ವ್ಯಾನಿನ ಬೆನ್ನೆಲುಬು. ಸೀಟು, ಚಕ್ರ, ಜನ ಎಲ್ಲವೂ ಅವುಗಳ ಮೇಲೆ.

ನಾಲ್ಕನೇ ದಿನ ಅಕ್ಕ ಬಲಗಡೆಯ ಕಂಬಿಯಲ್ಲಿ, ಡ್ರೈವರ್ ಸೀಟಿನ ಹಿಂದಿನ ಜಾಗಕ್ಕೆ ಬಂದಿದ್ದಳು. ಅಲ್ಲಿ ಗ್ರೀಸು ಬೆರಳುದ್ದ ದಪ್ಪಗೆ ಮೆತ್ತಿಕೊಂಡಿತ್ತು. ಕೆರೆದು ತೆಗೆದಳು. ಸುತ್ತಿಗೆಯಿಂದ ತಟ್ಟಿದಳು. ಬೇರೆಡೆ ಟಣ್ ಅನ್ನುತ್ತಿದ್ದ ಕಬ್ಬಿಣ ಅಲ್ಲಿ ಡಬ್ ಅಂದಿತು. ಸ್ಕ್ರೂಡ್ರೈವರಿನ ತುದಿ ಇಟ್ಟು ಒತ್ತಿದಳು. ನೆನೆದ ರಟ್ಟಿನೊಳಗೆ ಹೋದ ಹಾಗೆ ಅದು ಒಳಗೆ ಹೋಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಒಂದು ಸುತ್ತು ತಿರುವಿದಳು. ಹಪ್ಪಳದಂಥ ಚೂರುಗಳು ಕತ್ತಿನ ಮೇಲೆ ಉದುರಿದವು.

"ಅಪ್ಪ, ಇಲ್ಲಿ ತೂತಿದೆ."

ಸ್ಟೂಲು ಕಿರುಗುಟ್ಟಿತು. "ಎಷ್ಟು?"

"ಹೆಬ್ಬೆರಳು ಹೋಗುತ್ತೆ."

ಅಪ್ಪ ಬಗ್ಗಿ ಕೆಳಗೆ ಇಣುಕಿದರು. ಆಮೇಲೆ, "ನೀನು ಒತ್ತಿದೆ," ಅಂದರು.

ಆ ರಾತ್ರಿ ಊಟಕ್ಕೆ ಬೇಳೆ ಮತ್ತು ಬೇಯಿಸಿದ ಆಲೂಗಡ್ಡೆ ಇತ್ತು. ಅಕ್ಕನ ಉಗುರಿನ ಸಂದಿಯ ಕೆಂಪು ಎಷ್ಟು ತೊಳೆದರೂ ಹೋಗಿರಲಿಲ್ಲ. ವಿಷಯ ಕೇಳಿ ತಮ್ಮ ತುತ್ತು ನಿಲ್ಲಿಸಿದ.

"ಹಾಗಾದರೆ ಮುಗೀತಲ್ಲ. ಗುಜರಿಗೆ ಹಾಕೋಣ."

"ಯಾರು ಹೇಳಿದ್ದು ಮುಗೀತು ಅಂತ?" ಅಂದರು ಅಪ್ಪ. "ಇಪ್ಪತ್ತಮೂರು ವರ್ಷ ಇಲ್ಲದ ತೂತು ಈ ತಿಂಗಳೇ ಯಾಕೆ ಬಂತು? ಒಂದನೇ ತಾರೀಖು ಇವಳು ಡಿಪೋಗೆ ಹೋಗಬೇಕು. ಅದಕ್ಕೇ ತೂತು ಕಂಡಿದೆ."

ಅಂದರೆ ಡಿಪೋದ ಮಾತು ಅಪ್ಪನಿಗೆ ಆವತ್ತೇ ಕೇಳಿಸಿತ್ತು. ಅಕ್ಕ ತಲೆ ಎತ್ತಿದಳು. "ನಾನು ಬೇಕು ಅಂತ ಮಾಡಿದೆ ಅಂತೀರಾ?"

"ನಾನು ಹಾಗಂದೆನಾ?"

"ಇನ್ನು ಹೇಗೆ ಅನ್ನಬೇಕು?"

"ಒತ್ತಿದ್ದು ನಿಜವೋ ಸುಳ್ಳೋ, ಅದನ್ನ ಹೇಳು."

 ಒತ್ತಿದ್ದು ನಿಜ. ತಿರುವಿದ್ದೂ ನಿಜ. ತಿರುವುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಅಕ್ಕನಿಗೇ ಸರಿಯಾಗಿ ಗೊತ್ತಿರಲಿಲ್ಲ. ಅವಳ ಬಾಯಿ ಕಟ್ಟಿದ್ದು ಅದೇ.

"ರಿಪೇರಿ ಮಾಡಿಸಿ, ಹಾವೂ ಸಾಯಬಾರದು ಕೋಲೂ ಮುರೀಬಾರದು," ಅಂದಳು ಅಮ್ಮ.

"ಅತ್ತೆ, ಮೂಗಿಗಿಂತ ಮೂಗುತಿ ಭಾರ ಆಗುತ್ತೆ," ಅಂದಳು ಸೊಸೆ. ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸುವ ಹಾಗೇ ಅಂದಳು.

ಮಾರನೇ ದಿನ ವೆಲ್ಡಿಂಗಿನವನು ಬಂದ. ಅವನನ್ನು ಎಲ್ಲರೂ ಕಿಡಿಯಣ್ಣ ಎನ್ನುತ್ತಿದ್ದರು. ಅಂಗಿಯ ತುಂಬ ಕಿಡಿ ಬಿದ್ದು ಸುಟ್ಟ ಸಣ್ಣ ತೂತುಗಳು. ಅಪ್ಪನಿಗೆ ಮೂವತ್ತು ವರ್ಷದ ಸ್ನೇಹಿತ. ಟಾರ್ಚು ಹಿಡಿದು ಕೆಳಗೆ ಹೋದವನು ಐದು ನಿಮಿಷದಲ್ಲಿ ಹೊರಗೆ ಬಂದು ಮೈ ಕೊಡವಿದ.

"ಯಜಮಾನ್ರೇ, ಬೆಸುಗೆ ಹಿಡಿಯೋಕೆ ಸುತ್ತ ಗಟ್ಟಿ ಕಬ್ಬಿಣ ಬೇಕು. ಇದು ಕೊಳೆತ ಬಟ್ಟೆಗೆ ತೇಪೆ ಹಾಕಿದ ಹಾಗೆ, ಸೂಜಿ ಚುಚ್ಚಿದಲ್ಲೇ ಹರಿಯುತ್ತೆ. ಇನ್ನು ಇದರಲ್ಲಿ ಜನ ಹೊರಬೇಡಿ."

"ಬರೀ ಒಂದು ತೂತು ಕಣಯ್ಯ."

"ಒಂದು ಕಂಡಿದೆ. ಆ ಸೀಟಿನ ಬೋಲ್ಟು ಅದೇ ಕಂಬಿಗೇ ಇರೋದು. ಜೋರಾಗಿ ಬ್ರೇಕು ಹಾಕಿದ ದಿನ ಸೀಟು ಜನರ ಸಮೇತ ಮುಂದೆ ಬರುತ್ತೆ. ನನ್ನ ಕೈಲಿ ಇದು ಮಾಡಿಸಬೇಡಿ."

"ಮೂವತ್ತು ವರ್ಷದಲ್ಲಿ ನಿನ್ನ ಕೈಲಿ ಏನೂ ಆಗಲ್ಲ ಅಂತ ಇವತ್ತು ಗೊತ್ತಾಯ್ತು," ಅಂದರು ಅಪ್ಪ. ಕೊಟ್ಟ ಚಹಾ ಅರ್ಧ ಕುಡಿದು ಲೋಟ ಇಟ್ಟು ಕಿಡಿಯಣ್ಣ ಹೋದ.

ಕೆಲಸ ಅಲ್ಲಿಗೆ ನಿಂತಿತು. ಬಲಗಡೆಯ ಮುಕ್ಕಾಲು ಭಾಗ ಉಜ್ಜಿದ್ದಾಗಿತ್ತು, ಎಡಗಡೆ ಮುಟ್ಟಿರಲಿಲ್ಲ. ಅಕ್ಕ ಮಾರನೇ ದಿನ ಡಿಪೋಗೆ ವೈದ್ಯಕೀಯ ಪರೀಕ್ಷೆಗೆಂದು ಹೋದಳು. ಕಣ್ಣು, ಕಿವಿ, ರಕ್ತದೊತ್ತಡ. ಡಾಕ್ಟರು ಅವಳ ಉಗುರು ನೋಡಿ, "ಇದೇನು ರಕ್ತವೇ?" ಎಂದು ಕೇಳಿದರು. "ತುಕ್ಕು ಸಾರ್," ಅಂದಳು. ಅವಳ ಮುಂದೆಯೇ ಕಾಗದದ ಮೇಲೆ ಸರಿ ಎಂದು ಗುರುತು ಹಾಕಿದರು.

ಮನೆಗೆ ಬಂದಾಗ ನಾಲ್ಕು ಗಂಟೆ. ಅಮ್ಮನೂ ಸೊಸೆಯೂ ಬಟ್ಟೆಯ ಅಂಗಡಿಗೆ ಹೋಗಿದ್ದರು. ಶೆಡ್ಡಿನಲ್ಲಿ ಅಂಟಿನ ಘಾಟು. ವ್ಯಾನಿನ ಕೆಳಗಿನಿಂದ ಅಪ್ಪನ ಎರಡು ಪಾದಗಳು ಹೊರಗೆ ಚಾಚಿದ್ದವು, ಒಂದರಲ್ಲಿ ಮಾತ್ರ ಚಪ್ಪಲಿ. 

"ಅಪ್ಪ?"

"ಬಂದೆಯಾ," ಅಂದಿತು ಕೆಳಗಿನಿಂದ ಧ್ವನಿ. "ಕಾಲು ಹಿಡ್ಕೊಂಡಿದೆ. ಎಳೀಬೇಡ, ನೋವಾಗುತ್ತೆ."

ಅವಳು ರಟ್ಟಿನ ಮೇಲೆ ಮಲಗಿ ಅವರ ಪಕ್ಕಕ್ಕೆ ಜರುಗಿದಳು. ಅಪ್ಪನ ಮುಖದ ಮೇಲೆಲ್ಲ ಕಪ್ಪು ಹನಿ. ತೂತಿದ್ದ ಜಾಗದಲ್ಲಿ ಫೈಬರ್ ಬಟ್ಟೆ ಅಂಟಿಸಿ, ಅದರ ಮೇಲೆ ಕಪ್ಪು ಬಣ್ಣ ದಪ್ಪಗೆ ಮೆತ್ತಿತ್ತು. ಅತ್ತಿತ್ತ ನೋಡಿದಳು. ಇಡೀ ಹೊಟ್ಟೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

"ಎಷ್ಟು ಹೊತ್ತಿಂದ ಹೀಗೆ ಬಿದ್ದಿದ್ದೀರಿ?"

"ಹನ್ನೆರಡಕ್ಕೆ ಮುಗೀತು ಕೆಲಸ."

"ನಾಲ್ಕು ಗಂಟೆ. ಕೂಗಬಾರದಿತ್ತಾ? ಪಕ್ಕದ ಮನೆಯವರಿದ್ದರಲ್ಲ."

"ಕೂಗಿದರೆ ಅವನಿಗೆ ಗೊತ್ತಾಗುತ್ತೆ," ಅಂದರು ಅಪ್ಪ, ಮಗನನ್ನು ಕುರಿತು.

ಅಕ್ಕ ಅವರ ತೊಡೆಯ ಸ್ನಾಯುವನ್ನು ಅಂಗೈಯಿಂದ ನೀವತೊಡಗಿದಳು. ಅದು ಹಗ್ಗದ ಗಂಟಿನಂತೆ ಗಟ್ಟಿಯಾಗಿತ್ತು. ಇಬ್ಬರ ಮೂಗಿನ ಮೇಲೂ ಒಂದು ಗೇಣು ಅಂತರದಲ್ಲಿ ಕಪ್ಪು ಕಬ್ಬಿಣ.

"ಇಲ್ಲಿ ಬೆರಳುದ್ದ ಗ್ರೀಸು ಇತ್ತು," ಅಂದಳು. "ಯಾರು ಹಚ್ಚಿದ್ದು?"

ಅಪ್ಪ ಕಣ್ಣು ಮುಚ್ಚಿದರು. "ನಾನೇ."

"ಯಾವಾಗ?"

"ಎರಡು ವರ್ಷ ಆಯ್ತು. ಮೆತ್ತಗಾಗಿತ್ತು. ನೀರು ತಾಗದಿದ್ದರೆ ಇನ್ನೊಂದಷ್ಟು ದಿನ ಬರುತ್ತೆ ಅಂದ್ಕೊಂಡೆ."

ಅಕ್ಕನ ಕೈ ನಿಂತಿತು. "ಎರಡು ವರ್ಷ. ನಾನು ಅದರ ಮೇಲೇ ಕೂತ್ಕೊಂಡು ಓಡಿಸಿದೆನಲ್ಲಪ್ಪ. ನನಗೆ ಒಂದು ಮಾತು ಹೇಳಲಿಲ್ಲ."

"ಹೇಳಿದ್ದರೆ ನೀನು ಓಡಿಸ್ತಿರಲಿಲ್ಲ."

"ಹೌದು."

"ಓಡಿಸದಿದ್ದರೆ ಮತ್ತೆ ಇಲ್ಲಿ ಯಾಕಿರ್ತಿದ್ದೆ? ಎಲ್ಲಾದರೂ ಕೆಲಸ ಹುಡುಕ್ಕೊಂಡು ಹೋಗ್ತಿದ್ದೆ. ನನ್ನನ್ನ ಈ ಮನೆಯಲ್ಲಿ ಊಟ ಆಯ್ತಾ ಅಂತ ಕೇಳೋದು ನಿಮ್ಮಮ್ಮ. ಮಿಕ್ಕಿದ್ದು ಏನಾದರೂ ಕೇಳೋದು ನೀನೊಬ್ಬಳೇ." ಕಾಲು ಅಲುಗಿಸಿ ನೋಡಿ, "ಈಗ ಎಳಿ, ಕಾಲು ಬಂತು," ಅಂದರು.

ಅವಳು ಅವರನ್ನು ಎಳೆದು ಹೊರಗೆ ತಂದಳು, ಬಿಸಿನೀರು ಕಾಯಿಸಿಕೊಟ್ಟಳು. ಆ ವಿಷಯ ಯಾರಿಗೂ ಹೇಳಲಿಲ್ಲ.

ಇಪ್ಪತ್ತನೇ ತಾರೀಖು ಅಪ್ಪ ಒಗೆದ ಅಂಗಿ ಹಾಕಿಕೊಂಡು ಅವಳ ಪಕ್ಕದ ಸೀಟಿನಲ್ಲಿ ಕೂತರು. ಅವರು ಬರದಿದ್ದರೆ ಅವಳು ತಪಾಸಣೆ ಕಚೇರಿಯವರೆಗೆ ಹೋಗದೆ ಎಲ್ಲಾದರೂ ನಿಲ್ಲಿಸಿಬಿಡುತ್ತಿದ್ದಳೋ ಏನೋ. ಅಲ್ಲಿ ವ್ಯಾನನ್ನು ಉದ್ದನೆಯ ಗುಂಡಿಯ ಮೇಲೆ ನಿಲ್ಲಿಸಿದರು. ತಪಾಸಣೆಯವನು ಗುಂಡಿಗೆ ಇಳಿದು ಟಾರ್ಚು ಬಿಟ್ಟ.

"ಚೆನ್ನಾಗಿ ಇಟ್ಟಿದ್ದೀರಲ್ಲ," ಅಂದ. "ಹೊಸ ಬಣ್ಣ. ಕೆಳಗೆ ರಿಪೇರಿ ಏನಾದರೂ ಮಾಡಿಸಿದ್ದೀರಾ?"

"ಏನೂ ಇಲ್ಲ, ಏನೂ ಇಲ್ಲ," ಅಂದರು ಅಪ್ಪ. ಒಂದು ಸಲ ಅಂದಿದ್ದರೆ ಸಾಕಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ತಪಾಸಣೆಯವನು ತಲೆ ಎತ್ತಿ ಅಕ್ಕನನ್ನು ನೋಡಿದ.

"ಡ್ರೈವರು ನೀವಾ? ಓಡಿಸುವಾಗ ಏನಾದರೂ ಸದ್ದು, ಅಲುಗಾಟ?"

ಅಪ್ಪನ ಕೈ ಅಂಗಿಯ ಕೊನೆಯ ಗುಂಡಿಯನ್ನು ತಿರುವುತ್ತಿತ್ತು. ಹಿಂದೆ ಸಾಲಿನಲ್ಲಿ ಇನ್ನೂ ಆರು ಗಾಡಿಗಳು. ಅಕ್ಕನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ಹೇಳಿದರೆ ಎಪ್ಪತ್ತು ದಾಟಿದ ಅಪ್ಪ ಇಷ್ಟು ಜನರೆದುರು ಸುಳ್ಳುಗಾರರಾಗುತ್ತಾರೆ. ಕೆಲಸದ ಆಸೆಗೆ ಮಗಳೇ ಮುರಿದಳು ಅನ್ನುವ ಮಾತು ಮನೆಯಲ್ಲಿ ಕಾಯಂ ಆಗುತ್ತದೆ.

"ಸದ್ದಿಲ್ಲ," ಅಂದಳು.

ಅದು ಸುಳ್ಳಲ್ಲ. ಸದ್ದು ಇರಲಿಲ್ಲ. ಅವನು ಮೊಹರು ಒತ್ತಿದ. ಒಂದು ವರ್ಷ ಜನ ಹೊರಲು ಯೋಗ್ಯ.

ಮಾರನೇ ದಿನ ಬೆಳಿಗ್ಗೆ ಹನ್ನೊಂದು ಹೆಂಗಸರೂ ಎಂದಿನ ಮೂಲೆಗಳಲ್ಲಿ ನಿಂತಿದ್ದರು. ಒಂದು ವಾರ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಸಾಕಾದವರು ನಗುನಗುತ್ತ ಹತ್ತಿದರು. ಇಸ್ತ್ರಿಯಮ್ಮ ಎಂದಿನಂತೆ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ಕಾಲು ಚಾಚಿದಳು. ಅಕ್ಕ ಕನ್ನಡಿಯಲ್ಲಿ ನೋಡಿದಳು. ಎತ್ತಿನ ಗಾಡಿಯ ಹಾಗೆ ಹೊರಟಳು. ಉಬ್ಬು ಬಂದಾಗ ನಿಲ್ಲಿಸಿ, ಒಂದೊಂದೇ ಚಕ್ರ ಇಳಿಸಿದಳು. ಒಂದು ಸೈಕಲ್ಲು ಅವರನ್ನು ಹಿಂದೆ ಹಾಕಿ ಹೋಯಿತು.

"ಏನು ಅಕ್ಕ, ಬಸುರಿ ಕೂರಿಸ್ಕೊಂಡಿದ್ದೀಯಾ?" ಅಂದಳು ಇಸ್ತ್ರಿಯಮ್ಮ. "ಆರೂವರೆಗೆ ಗೇಟು ಹಾಕ್ತಾರೆ."

ಮುಖ್ಯ ರಸ್ತೆ ಸಿಗುವ ಮೊದಲು ಅಕ್ಕ ವ್ಯಾನನ್ನು ಬದಿಗೆ ತಂದು ನಿಲ್ಲಿಸಿದಳು. ಇಂಜಿನ್ನು ಆರಿಸಿ ತಿರುಗಿ ಕೂತಳು.

"ಎಲ್ಲ ಇಳೀರಿ. ಮುಂದಿನ ಸ್ಟಾಪಿನಲ್ಲಿ ಬಸ್ಸು ಸಿಗುತ್ತೆ. ಇದರ ಕಂಬಿ ಕೊಳೆತಿದೆ. ಇಸ್ತ್ರಿಯಮ್ಮ, ನಿಮ್ಮ ಸೀಟಿನ ಕೆಳಗೇ. ಮೇಲೆ ಬರೀ ಬಟ್ಟೆ ಅಂಟಿಸಿ ಬಣ್ಣ ಬಳಿದಿದೆ."

ಯಾರೂ ಏಳಲಿಲ್ಲ. "ನಿನ್ನೆ ಪಾಸಾಯ್ತು ಅಂದರಲ್ಲ ನಿಮ್ಮಪ್ಪ, ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದರು," ಅಂದಳು ಹಿಂದಿನ ಸೀಟಿನವಳು.

"ಪಾಸಾಗಿದ್ದು ಬಣ್ಣ."

"ಸರ್ಕಾರದವರು ಸರಿ ಅಂದಮೇಲೆ ನಿಂದೇನು? ಒಂದು ದಿನ ತಡ ಆದರೆ ಅರ್ಧ ದಿನದ ಕೂಲಿ ಹೋಗುತ್ತೆ. ನೀನು ಕೊಡ್ತೀಯಾ?"

"ಇವತ್ತೊಂದು ದಿನ ಬಿಡು, ನಾಳೆ ನೋಡೋಣ," ಅಂದಳು ಇನ್ನೊಬ್ಬಳು.

"ಜೀವಕ್ಕೆ ಏನಾದರೂ ಆದರೆ?"

"ಬಸ್ಸಿನ ಬಾಗಿಲಲ್ಲಿ ನೇತಾಡ್ಕೊಂಡು ಹೋದರೆ ಆಗಲ್ವಾ? ಹೊರಡು."

ಅಕ್ಕ ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದು ಕೆಳಗಿಳಿದಳು. ಅದನ್ನು ನೋಡಿ ಹೆಂಗಸರು ಗೊಣಗುತ್ತ, ಒಬ್ಬೊಬ್ಬರೇ ಇಳಿದರು. ಒಬ್ಬಳು, "ಡಿಪೋದ ಕೆಲಸ ಸಿಕ್ಕಿತಂತಲ್ಲ, ಇನ್ನು ನಾವು ಯಾಕೆ ಬೇಕು," ಎಂದು ಅವಳ ಮುಖಕ್ಕೇ ಹೇಳಿ ಹೋದಳು. ಕೊನೆಗೆ ಇಳಿದ ಇಸ್ತ್ರಿಯಮ್ಮ ಅವಳ ಹತ್ತಿರ ಬಂದು, "ಹೇಳೋಳು ವಾರ ಮೊದಲೇ ಹೇಳಬೇಕಿತ್ತು ತಾಯಿ," ಅಂದಳು. ಆಮೇಲೆ ಮಿಕ್ಕವರನ್ನು ಹಿಡಿಯಲು ಬಿರಬಿರನೆ ನಡೆದಳು.

ಅಕ್ಕ ಖಾಲಿ ವ್ಯಾನನ್ನು ಮನೆಗೆ ತಂದು ಶೆಡ್ಡಿನಲ್ಲಿ ನಿಲ್ಲಿಸಿದಳು. ಅಪ್ಪ ಬಾಗಿಲಲ್ಲೇ ಇದ್ದರು. ವ್ಯಾನು ಅಷ್ಟು ಬೇಗ ವಾಪಸು ಬಂದದ್ದರಿಂದಲೇ ಅವರಿಗೆ ಎಲ್ಲ ಗೊತ್ತಾಯಿತು. ಅವಳ ಮುಖ ನೋಡದೆ ಒಳಗೆ ಹೋದರು. ಆ ದಿನ ಊಟದ ಹೊತ್ತಿಗೆ, ಯಾರೂ ಓಡಿಸದಿದ್ದರೆ ನಾನೇ ಓಡಿಸುತ್ತೇನೆ ಅಂದರು.

"ನಿಮಗೆ ಎದುರಿಗಿರೋ ಉಪ್ಪಿನ ಡಬ್ಬಿ ಕಾಣಲ್ಲ," ಅಂದಳು ಅಮ್ಮ. ಅವಳು ಅಷ್ಟು ಕಟುವಾಗಿ ಮಾತಾಡಿದ್ದನ್ನು ಮಕ್ಕಳು ಕೇಳಿರಲಿಲ್ಲ.

ವಾರ ಹೀಗೇ ಕಳೆಯಿತು. ಅಪ್ಪ ಅಕ್ಕನೊಂದಿಗೆ ಮಾತು ಬಿಟ್ಟರು. ಹೆಂಗಸರು ಬೇರೆ ವ್ಯಾನು ಗೊತ್ತುಮಾಡಿಕೊಂಡರೆಂದು ಸುದ್ದಿ ಬಂತು. ಅಕ್ಕ ಸೂಟ್‌ಕೇಸು ಇಳಿಸಿ ಒರೆಸಿದಳು, ಮತ್ತೆ ಅಟ್ಟಕ್ಕೆ ಏರಿಸಿದಳು. ತಾನು ಹೋದರೆ ಅಪ್ಪ ಒಂದು ದಿನ ಬೆಳಿಗ್ಗೆ ಕೀಲಿ ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹೋಗದಿದ್ದರೆ ಮೂರು ತಿಂಗಳಾದರೂ, ಮೂರು ವರ್ಷವಾದರೂ ಆ ಕೀಲಿ ಕಾಯುತ್ತ ಕೂರಬೇಕು. ಅಡಕತ್ತರಿಗೆ ಸಿಕ್ಕ ಅಡಕೆಗೆ ಯಾವ ಕಡೆಗೆ ಜರುಗಿದರೂ ಅಲಗೇ.

ಶನಿವಾರ ಅಂಗಡಿಗೆ ರಜೆ ಹಾಕಿದ ತಮ್ಮ ಮನೆಯಲ್ಲೇ ಇದ್ದ. ಹನ್ನೊಂದು ಗಂಟೆಗೆ ಒಬ್ಬ ಕುಳ್ಳನೆಯ ಮನುಷ್ಯ ಬಂದು ಶೆಡ್ಡಿನ ಮುಂದೆ ಚಪ್ಪಲಿ ಬಿಟ್ಟ.

"ಯಾರಿವರು?" ಅಂದಳು ಅಕ್ಕ.

"ವ್ಯಾನು ನೋಡೋಕೆ ಬಂದವರು," ಅಂದ ತಮ್ಮ. "ಅಪ್ಪನೂ ಒಪ್ಪಿದ್ದಾರೆ. ಗುಜರಿಗೆ ಹಾಕೋದು ಬೇಡ ಅಂದರು, ಮಾರಿದರೆ ಅಭ್ಯಂತರ ಇಲ್ಲವಂತೆ. ಒಂದು ವರ್ಷದ ಸರ್ಟಿಫಿಕೇಟು ಇದೆ. ಬಣ್ಣ ನೋಡಿ ಇವರಿಗೆ ಖುಷಿಯಾಗಿದೆ."

ಬಂದವನು ಮೊಣಕಾಲೂರಿ ಕೆಳಗೆ ಇಣುಕಿದ್ದ. "ಹೊಸದರ ಹಾಗಿದೆ," ಅಂದ.

"ನೀವು ಏನು ಹೊರಿಸ್ತೀರಿ ಇದರಲ್ಲಿ?" ಎಂದು ಕೇಳಿದಳು ಅಕ್ಕ.

"ನಮ್ಮದೊಂದು ಶಿಶುವಿಹಾರ ಇದೆಯಮ್ಮ. ಹದಿನೆಂಟು ಮಕ್ಕಳು. ಸಣ್ಣವು, ಒಂದು ಸೀಟಿಗೆ ಮೂರು ಕೂರ್ತಾವೆ."

ಅಕ್ಕ ಅಪ್ಪನ ಕಡೆ ನೋಡಿದಳು. ಅಪ್ಪ ಸ್ಟೂಲಿನ ಮೇಲೆ ಕೂತು ತಮ್ಮ ಎರಡೂ ಅಂಗೈಗಳನ್ನು ನೋಡುತ್ತಿದ್ದರು.  ಗೋಡೆಗೆ ಒರಗಿಸಿದ್ದ ರಟ್ಟು ಎಳೆದು ಹಾಸಿದಳು, ಕಪಾಟಿನಿಂದ ಸುತ್ತಿಗೆ ಮತ್ತು ಉಳಿ ತೆಗೆದುಕೊಂಡಳು. ಸ್ಟ್ಯಾಂಡು ಕೊಟ್ಟಿರಲಿಲ್ಲ, ನೆಲಕ್ಕೂ ವ್ಯಾನಿಗೂ ಮಧ್ಯೆ ಅವಳ ಭುಜ ತೂರುವಷ್ಟೇ ಜಾಗ. ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಿ ಮಗ್ಗುಲಾದಳು.

"ಅಕ್ಕ, ಏನು ಮಾಡ್ತಿದ್ದೀಯ?" ಅಂದ ತಮ್ಮ.

ಮೊದಲ ಏಟಿಗೆ ಬಣ್ಣ ಬಿರಿಯಿತು. ಮೂರನೆಯದಕ್ಕೆ ಫೈಬರ್ ಬಟ್ಟೆಯ ಅಂಚು ಎದ್ದಿತು. ಉಳಿ ತೂರಿಸಿ ಮೀಟಿದಳು. ತೇಪೆ ಅಂಗೈಯಗಲ ಕಿತ್ತು ಬಂತು, ಅದರ ಜೊತೆ ಕಂಬಿಯ ಚೂರುಗಳೂ ಬಂದವು. ಆ ತುಂಡನ್ನು ನೆಲದ ಮೇಲೆ ಜಾರಿಸಿ ಹೊರಗೆ ತಳ್ಳಿದಳು. ಅದು ಕೊಳ್ಳುವವನ ಬರಿಗಾಲಿನ ಹತ್ತಿರ ಹೋಗಿ ನಿಂತಿತು. ಅವನು ಬಗ್ಗಿ ಎತ್ತಿಕೊಂಡು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಕೆಂಪು ಪದರ ಎಲೆಯಂತೆ ಅಂಟಿಕೊಂಡಿತ್ತು. ಬೆರಳಿನಿಂದ ಒತ್ತಿದ, ಪುಡಿಯಾಯಿತು. ಅದನ್ನು ಅಲ್ಲೇ ಇಟ್ಟು, ಚಪ್ಪಲಿ ಹಾಕಿಕೊಂಡು, ಬರುತ್ತೇನೆ ಎಂದೂ ಅನ್ನದೆ ಹೋದ.

"ಸಮಾಧಾನ ಆಯ್ತಾ?" ಅಂದ ತಮ್ಮ.  "ಅವನಲ್ಲದಿದ್ದರೆ ಇನ್ನೊಬ್ಬ ಬರ್ತಿದ್ದ. ಇವಳಿಗೆ ಎರಡು ಮಷಿನ್ನು ಬರ್ತಿತ್ತು. ನಿನಗೆ ನಿನ್ನ ಬಸ್ಸು ಸಿಕ್ಕಿತು, ನಾವು ಹೊಟ್ಟೆ ಒಳಗೆಳ್ಕೊಂಡೇ ಬಚ್ಚಲಿಗೆ ಹೋಗಬೇಕು. ಅಪ್ಪ ಹೇಳಿದ್ದೇ ನಿಜ. ತೂತು ಮಾಡಿದ್ದು ನೀನು, ದೊಡ್ಡದು ಮಾಡಿದ್ದೂ ನೀನೇ."

"ಬಿಡಿ, ಸಾಕು," ಅಂದಳು ಅವನ ಹೆಂಡತಿ. ಅವಳು ಆ ತುಂಡನ್ನು ಎತ್ತಿಕೊಂಡು, ಬಟ್ಟೆಯ ನೂಲು ನೋಡುವವಳ ಹಾಗೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಹದಿನೆಂಟು ಮಕ್ಕಳಂತೆ."

ಅಕ್ಕ ಕೆಳಗೇ ಇದ್ದಳು. ಹೊರಗೆ ಬರಲು ಅವಳಿಗೆ ಮನಸ್ಸಾಗಲಿಲ್ಲ. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಮೂರು ಜೊತೆ ಕಾಲುಗಳು ಮಾತ್ರ. ಅವುಗಳಲ್ಲಿ ಒಂದು ಜೊತೆ ಸ್ಟೂಲಿನಿಂದ ಎದ್ದಿತು.

"ಎಡಗಡೆಯೂ ಇದೆ," ಅಂದರು ಅಪ್ಪ.

"ಏನು?" ಅಂದ ತಮ್ಮ.

"ಎಡಗಡೆಯ ಕಂಬಿಯಲ್ಲೂ ಇದೆ. ಹಿಂದಿನ ಚಕ್ರದ ಹತ್ತಿರ. ಆವತ್ತು ಎರಡನ್ನೂ ನಾನೇ ಮುಚ್ಚಿದೆ. ಆ ಕಡೆಯದನ್ನ ಅವಳು ಮುಟ್ಟೇ ಇಲ್ಲ. ಒತ್ತಿದ್ದಕ್ಕೆ ಆಗಿದ್ದಲ್ಲ ಇದು. ಎರಡು ವರ್ಷದಿಂದ ನನಗೆ ಗೊತ್ತಿತ್ತು."

 ಅಡುಗೆಮನೆಯಿಂದ ಬಂದ ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ಅಪ್ಪ ಗೋಡೆ ಹಿಡಿದು, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು ಊರಿ, ಟಾರ್ಚು ಹಚ್ಚಿ ವ್ಯಾನಿನ ಕೆಳಗೆ ಬೆಳಕು ಬಿಟ್ಟರು. ಬೆಳಕು ಅವಳ ಮುಖಕ್ಕೆ ಬಿತ್ತು, ತಪ್ಪಿ ಆಚೆ ಹೋಯಿತು.

"ಎಷ್ಟು ದೊಡ್ಡದು?" ಎಂದು ಕೇಳಿದಳು ಅಕ್ಕ.

"ನೀನು ಕಂಡಿದ್ದಕ್ಕಿಂತ ದೊಡ್ಡದು."

ಅವಳು ತೆವಳಿಕೊಂಡು ಎಡಗಡೆಗೆ ಹೋದಳು. ಇಲ್ಲಿ ಬಣ್ಣ ಇನ್ನೂ ದಪ್ಪ. ಉಳಿ ಇಟ್ಟು ಹೊಡೆದಳು. ತೇಪೆ ಕಳಚಿಬಿತ್ತು. ಅವಳು ಈ ಸಲ ಸ್ಕ್ರೂಡ್ರೈವರು ಹುಡುಕಲಿಲ್ಲ. ಬರಿ ಕೈ ಇಟ್ಟಳು. ನಾಲ್ಕು ಬೆರಳೂ ಅಡ್ಡಿಯಿಲ್ಲದೆ ಒಳಗೆ ಹೋದವು.

"ಒಂದನೇ ತಾರೀಖು ಯಾವ ವಾರ ಬಂತು?" ಅಂದರು ಅಪ್ಪ, ಟಾರ್ಚನ್ನು ಅಲುಗಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದು.

"ಸೋಮವಾರ."

"ಹಾಗಾದರೆ ನಾಳೆಯೊಳಗೆ ಚಕ್ರ, ಇಂಜಿನ್ನು ಎಲ್ಲ ಬಿಚ್ಚಿ ಇಳಿಸಬೇಕು. ಕಿಡಿಯಣ್ಣನ್ನ ಕರೀಬೇಕು. ಬರ್ತಾನೋ ಇಲ್ಲವೋ." ಮತ್ತೆ ಹೇಳಿದರು, "ಇಡಿಯಾಗಿ ಬಿಟ್ಟು ಹೋಗಬೇಡ. ಇಡಿಯಾಗಿ ಇದ್ದರೆ ನಾನು ಮತ್ತೆ ಬಣ್ಣ ಬಳೀತೀನಿ."